ಮೇಡಂ ಮೇಜಿನ ಕಂಪ್ಯೂಟರಿಗೆ ಮೂರು ಸೆಲ್ಲು

ಫೋನಿನಲ್ಲಿ ಮೊದಲು ಕೇಳಿಸಿದ್ದು ಕೆಮ್ಮು. ಆಮೇಲೆ, “ಮಗ್ಗೆ ಹುಡ್ಗಿ ಅಲ್ವೇನಮ್ಮ?”

ನನಗೀಗ ಐವತ್ತರ ಹತ್ತಿರ. ಸಕಲೇಶಪುರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡು, ಎಸ್ಟೇಟ್ ಆಫೀಸುಗಳ ಪ್ರಿಂಟರು, ಯುಪಿಎಸ್ಸು, ಕ್ಯಾಮೆರಾ ಅಂತ ಅಲೆಯುವವಳು. ನನ್ನನ್ನು ಹುಡುಗಿ ಅನ್ನುವವರು ಈಗ ಯಾರೂ ಉಳಿದಿಲ್ಲ. ಮಗ್ಗೆ ನನ್ನ ತವರು ಅನ್ನುವುದೂ ಈ ಊರಿನಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಹಾಗಾಗಿ ಅವರು ಹೆಸರು ಹೇಳುವ ಮೊದಲೇ ಯಾರೆಂದು ತಿಳಿಯಿತು. ಕುಂದೂರಿನ ಅಂಗಡಿ ಯಜಮಾನರು, ನಮಗೆ ಕಂಪ್ಯೂಟರ್ ಕಲಿಸಿದ ಮೇಡಂ ಅವರ ಗಂಡ.

“ಅವ್ಳ ಮೇಜಿನ ಮ್ಯಾಲೆ ಇತ್ತಲ್ಲ, ಆ ಕಂಪ್ಯೂಟ್ರು. ಅದು ಏಳ್ತಾನೇ ಇಲ್ಲ ಕಣಮ್ಮ. ಒಂದ್ಸಲ ಬಂದು ನೋಡ್ತೀಯಾ?”

ನಾನು ಪಿಯುಸಿ ಮುಗಿಸಿ ಮನೆಯಲ್ಲಿ ಕೂತಿದ್ದಾಗ ನಮ್ಮ ಸುತ್ತಿನ ಹಳ್ಳಿಗಳಿಗೆಲ್ಲ ಇದ್ದದ್ದು ಒಂದೇ ಕಂಪ್ಯೂಟರ್ ಸೆಂಟರು. ಅದು ಯಜಮಾನರ ಅಂಗಡಿಗೆ ಅಂಟಿಕೊಂಡಿದ್ದ ಕೋಣೆ. ಮೊದಲು ಅದರಲ್ಲಿ ಬಿತ್ತನೆ ಆಲೂಗಡ್ಡೆ ಇಡುತ್ತಿದ್ದರಂತೆ, ನಾವು ಕಲಿಯುವಾಗಲೂ ಮೂಲೆಯಿಂದ ಮಣ್ಣಿನ ವಾಸನೆ ಬರುತ್ತಿತ್ತು. ಮದುವೆಯಾಗಿ ಬಂದ ಮೇಡಂ ಮೂಟೆಗಳನ್ನು ಹೊರಗೆ ಹಾಕಿಸಿ, ಗೋಡೆಗೆ ಸುಣ್ಣ ಬಳಿಸಿ, ನಮಗೆ ಮೂರು ಕಂಪ್ಯೂಟರ್ ಇಟ್ಟರು. ನಾಲ್ಕನೆಯದು ಅವರ ಮೇಜಿನ ಮೇಲೆ. ಅದನ್ನು ನಾವು ಮುಟ್ಟುವಂತಿರಲಿಲ್ಲ. ಅದರ ಪರದೆಯ ತುಂಬ ದೊಡ್ಡ ಅಂಕಿಗಳಲ್ಲಿ ಗಂಟೆ, ನಿಮಿಷ ಓಡುತ್ತಿತ್ತು. ಆ ಪ್ರೋಗ್ರಾಂ ಬರೆದವರೂ ಮೇಡಮ್ಮೇ. ಐದೂವರೆ ಆದ ಕೂಡಲೇ ಅದರ ಹೊಟ್ಟೆಯೊಳಗಿನ ಪುಟ್ಟ ಸ್ಪೀಕರಿನಿಂದ ಒಂದು ರಾಗ ಬರುತ್ತಿತ್ತು. ಆ ರಾಗವೂ ಅವರೇ ಕಟ್ಟಿದ್ದು. ಅದು ಬಂತೆಂದರೆ ಬೆರಳು ಕೀಲಿಯಿಂದ ಎತ್ತಬೇಕು, ಚೀಲ ಹೆಗಲಿಗೇರಬೇಕು, ಯಾಕೆಂದರೆ ಮಗ್ಗೆ ಕಡೆ ಹೋಗುವ ಕೊನೆಯ ಬಸ್ಸಿಗೆ ಹೊತ್ತಾಯಿತು. ನಮ್ಮಲ್ಲಿ ಯಾರಿಗೂ ವಾಚಿರಲಿಲ್ಲ. ಆ ರಾಗವೇ ನಮ್ಮ ವಾಚು.

ಏಳುವುದೇನೋ ಎದ್ದು ಬಿಡುತ್ತಿದ್ದೆವು, ಆದರೆ ಬಸ್ಸು ಮಾತ್ರ ಒಂದು ದಿನವೂ ಐದೂವರೆಗೆ ಬಂದದ್ದಿಲ್ಲ. ಅಂಗಡಿಯ ತಗಡಿನ ಚಾವಣಿ ಕೆಳಗೆ ನಿಂತು ಡ್ರೈವರಿಗೆ ಬಾಯಿಗೆ ಬಂದದ್ದು ಬೈಯುತ್ತಿದ್ದೆವು. ಮೇಡಂ ಬಾಗಿಲಿಗೆ ಒರಗಿಕೊಂಡು ನಮ್ಮ ಬೈಗುಳ ಕೇಳಿ ನಗುತ್ತಿದ್ದರು. ಯಾರ ಮನೆಯಲ್ಲಿ ಏನಡುಗೆ, ಯಾರಿಗೆ ಗಂಡು ನೋಡಲು ಬರುತ್ತಿದ್ದಾರೆ, ಎಲ್ಲ ಸುದ್ದಿ ಅಲ್ಲೇ ಆಗುತ್ತಿದ್ದದ್ದು. ನಾನು ಕಂಪ್ಯೂಟರ್ ಕಲಿತದ್ದು ಒಳಗೆ. ಆದರೆ ಈಗ ಕನಸಿನಲ್ಲಿ ಬರುವುದು ಆ ತಗಡಿನ ಕೆಳಗಿನ ಹೊತ್ತು.

ಸೆಂಟರು ಮುಚ್ಚಿ ಬಹಳ ಕಾಲವಾಗಿದೆ. ಮೇಡಂ ಹೋಗಿ ಮೂರು ವರ್ಷ.

ನಾನು ಹೋದಾಗ ಯಜಮಾನರು ಗಲ್ಲಾದ ಹಿಂದೆ, ಗೋಡೆ ಗಡಿಯಾರದ ಕೆಳಗೆ, ಎಂದಿನ ಜಾಗದಲ್ಲೇ ಕೂತಿದ್ದರು. ತಲೆ ಪೂರಾ ಬೆಳ್ಳಗಾಗಿತ್ತು, ಹಣೆಯ ವಿಭೂತಿ ಅದೇ ಅಗಲ. ಪಕ್ಕದ ಕೋಣೆಯ ಬೀಗ ತೆಗೆದು, ಕಂಪ್ಯೂಟರಿನ ಮೇಲೆ ಹೊದಿಸಿದ್ದ ಹಳೇ ಸೀರೆಯ ತುಂಡನ್ನು ಸರಿಸಿದರು.

“ಮೇಡಂ ಇದ್ದಾಗ ದಿನಾ ಓಡ್ತಿತ್ತಾ?” ಎಂದು ಕೇಳಿದೆ.

“ದಿನಾ. ಹುಡ್ಗೀರು ಬರೋದು ನಿಂತ ಮ್ಯಾಲೂ ಬಿಡ್ಲಿಲ್ಲ. ಮದ್ಯಾನ ಊಟ ಆದ್ಮ್ಯಾಲೆ ಬಂದು ಕೂತ್ಕಳೋಳು, ಏನೋ ಒಂದಷ್ಟು ಕುಟ್ಟೋಳು, ಈ ಕಿಟಕೀಲಿ ನನ್ ಕಡೆ ಎಲ್ಡು ಸಲ ನೋಡೋಳು, ಇನ್ನೊಂಚೂರು ಕುಟ್ಟೋಳು. ಆಮೇಲೆ ಅದು ಎದ್ದೇಳದು. ಸಂಜೆ ರಾಗ ಹಾಡದು.”

ಅಂಗಡಿಗೂ ಕೋಣೆಗೂ ನಡುವಿನ ಗೋಡೆಯಲ್ಲಿ ಒಂದು ಚಿಕ್ಕ ಕಿಟಕಿ ಇದೆ. ಅಲ್ಲಿಂದ ನೋಡಿದರೆ ಗಲ್ಲಾ ನೇರ ಕಾಣುತ್ತದೆ.

ಆ ‘ಒಂದಷ್ಟು ಕುಟ್ಟೋಳು’ ಅನ್ನುವ ಮಾತಿಗೇ ನನಗೆ ಕಾಯಿಲೆ ಅರ್ಧ ತಿಳಿದುಹೋಯಿತು. ಆ ಕಾಲದ ಮದರ್‌ಬೋರ್ಡಿನ ಮೇಲೆ ಬೆರಳಿನ ತುದಿಯಷ್ಟು ದಪ್ಪದ ಒಂದು ನೀಲಿ ಬ್ಯಾಟರಿಯನ್ನು ಬೆಸುಗೆ ಹಾಕಿರುತ್ತಾರೆ. ಕರೆಂಟು ಇಲ್ಲದಾಗ ಗಡಿಯಾರ ಓಡಿಸುವುದು ಅದೇ. ಒಳಗೆ ಯಾವ ಅಳತೆಯ ಡಿಸ್ಕು ಇದೆ ಅನ್ನುವ ಲೆಕ್ಕವನ್ನು ನೆನಪಿಟ್ಟುಕೊಳ್ಳುವುದೂ ಅದೇ. ಈಗಿನ ಕಂಪ್ಯೂಟರು ಡಿಸ್ಕನ್ನು ತಾನೇ ಮಾತಾಡಿಸಿ ತಿಳಿದುಕೊಳ್ಳುತ್ತದೆ. ಆಗಿನದಕ್ಕೆ ಆ ಬುದ್ಧಿ ಇರಲಿಲ್ಲ. ಬ್ಯಾಟರಿ ಸತ್ತರೆ ಅದಕ್ಕೆ ತನ್ನ ಡಿಸ್ಕೇ ಅಪರಿಚಿತ. ಈ ಬ್ಯಾಟರಿ ಸತ್ತು ಹತ್ತಾರು ವರ್ಷವಾಗಿರಬೇಕು. ಮೇಡಂ ದಿನಾ ಮಧ್ಯಾಹ್ನ ಬಂದು ಆ ಅಂಕಿಗಳನ್ನು, ಹೊತ್ತನ್ನು ತಾವೇ ತುಂಬಿಸಿ ಎಬ್ಬಿಸುತ್ತಿದ್ದರು. ಬ್ಯಾಟರಿಯ ಕೆಲಸ ಅವರೇ ಮಾಡಿಕೊಂಡು ಬಂದಿದ್ದರು. ಅವರು ಹೋದರು, ಅವರ ಜೊತೆಗೆ ಆ ಅಂಕಿಗಳೂ ಹೋದವು.

“ರಿಪೇರಿ ಆಗ್ತೈತಾ?”

“ನೋಡ್ಬೇಕು ಯಜಮಾನ್ರೇ. ಆದ್ರೆ ಇದನ್ನೇ ಯಾಕೆ ಕಟ್ಕೊಂಡಿದ್ದೀರಿ? ಆ ರಾಗ ಬೇಕಿದ್ರೆ ಹಾಡಿ, ಮೊಬೈಲಿಗೆ ಹಾಕ್ಕೊಡ್ತೀನಿ.”

ಅವರು ಗಂಟಲು ಸರಿಮಾಡಿಕೊಂಡು ಗುನುಗಿದರು. ಮಧ್ಯದಲ್ಲಿ ತಡವರಿಸಿ ಮತ್ತೆ ಮೊದಲಿನಿಂದ ಶುರುಮಾಡಿದರು. ಅದು ನನ್ನ ತಲೆಯಲ್ಲಿದ್ದ ರಾಗವಲ್ಲ. ನಾನು ಗುನುಗಿದೆ. ಅವರು ತಲೆ ಅಲ್ಲಾಡಿಸಿದರು.

“ಹಂಗಲ್ಲ ಕಣಮ್ಮ ಅದು.”

“ನೀವು ಹೇಳಿದ ಹಾಗೂ ಅಲ್ಲ.”

“ನಂಗೂ ಗೊತ್ತು ಅಲ್ಲ ಅಂತ. ಅದ್ಕೇ ನಿನ್ ಕರ್ಸಿದ್ದು.” ಅವರು ಕೀಲಿಮಣೆಯ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದರು. “ದಿನಾ ಒಂಚೂರು ಮರ್ತೋಗ್ತಾ ಐತೆ. ಅವ್ಳ ಫೋಟೋ ಐತೆ, ಸೀರೆ ಐತೆ. ಅದೊಂದು ಇದ್ರೊಳ್ಗೆ ಸಿಕ್ಕಾಕ್ಕೊಂಬುಟ್ಟೈತೆ.”

ಸೆಂಟರಿನಲ್ಲಿ ಕಲಿತವರೆಲ್ಲ ಒಂದೊಂದು ದಿಕ್ಕಿಗೆ ಹೋದವರು, ಯಾರನ್ನು ಕೇಳಿದರೂ ಇದೇ ಗತಿ. ಸರಿಯಾದ ರಾಗ ಇದ್ದದ್ದು ಲೋಕದಲ್ಲಿ ಒಂದೇ ಕಡೆ, ಆ ಡಿಸ್ಕಿನಲ್ಲಿ.

ನಾನು ಪೆಟ್ಟಿಗೆಯನ್ನು ಕಟ್ಟುತ್ತಿದ್ದಾಗ ಅವರು ಇನ್ನೊಂದು ಮಾತು ಹೇಳಿದರು. “ಅಲ್ಲಿ ರೆಡಿ ಆಗ್ಬುಟ್ರೂ ನಾನಿಲ್ದೆ ಹಾಡಿಸ್ಬ್ಯಾಡ. ಇಲ್ಲೇ ಹಾಡ್ಲಿ.” ನಾನು ಆಯಿತು ಎಂದೆ. ಅಷ್ಟು ಹಳೆಯ ಡಿಸ್ಕನ್ನು ಸ್ಕೂಟರಿನಲ್ಲಿ ಕುಲುಕಾಡಿಸಲು ಧೈರ್ಯ ಬರಲಿಲ್ಲ. ಸ್ಕೂಟರನ್ನು ಮಾರನೆಯ ದಿನ ಯಾರ ಕೈಯಲ್ಲಾದರೂ ತರಿಸಿಕೊಂಡರಾಯಿತೆಂದು ಅಂಗಡಿ ಹಿಂದೆ ಬಿಟ್ಟು, ಪೆಟ್ಟಿಗೆಯನ್ನು ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ. ಕಂಡಕ್ಟರು, “ಮಗೀನಾ ಅಕ್ಕ?” ಅಂದ. “ಅಜ್ಜಿ” ಅಂದೆ.

ಮಾರನೆಯ ದಿನ ಬೋರ್ಡನ್ನು ಹೊರತೆಗೆದಾಗ ಕಂಡದ್ದು ನಾನು ಹೆದರಿದ್ದಕ್ಕಿಂತ ಕೆಟ್ಟದಾಗಿತ್ತು. ಬ್ಯಾಟರಿ ಒಡೆದು ಒಳಗಿನ ರಸ ಸೋರಿ, ಬೋರ್ಡಿನ ಮೂಲೆಯಲ್ಲಿ ಹಸಿರು ಬಿಳಿ ಬೂಷ್ಟು ಕಟ್ಟಿತ್ತು. ಆ ರಸ ಕ್ಷಾರ. ತಾಮ್ರದ ಗೆರೆಗಳನ್ನು ನಿಧಾನವಾಗಿ ತಿನ್ನುತ್ತ ಹೋಗುತ್ತದೆ. ತಿಂದದ್ದು ಕೀಬೋರ್ಡಿನ ಸಾಕೆಟ್ಟಿನ ತನಕ ಬಂದಿತ್ತು. ಇನ್ನೆರಡು ವರ್ಷ ಬಿಟ್ಟಿದ್ದರೆ ಮುಟ್ಟುವ ಹಾಗೇ ಇರುತ್ತಿರಲಿಲ್ಲ.

ಬ್ಯಾಟರಿಯ ಕಾಲುಗಳನ್ನು ಮೊದಲು ಕಟರಿನಿಂದ ಕತ್ತರಿಸಿದೆ. ಬೆಸುಗೆ ಕಾಯಿಸಿ ಎಳೆದರೆ ಕ್ಷಾರ ಹತ್ತಿದ ತಾಮ್ರ ಸಿಪ್ಪೆ ಹಾಗೆ ಎದ್ದು ಬರುತ್ತದೆ, ಅದಕ್ಕೆ. ಕ್ಷಾರಕ್ಕೆ ಹುಳಿಯೇ ಮದ್ದು. ಬಿಳಿ ವಿನೆಗರನ್ನು ಹಳೇ ಹಲ್ಲುಜ್ಜುವ ಬ್ರಷ್ಷಿಗೆ ಅದ್ದಿ ಉಜ್ಜಿದಾಗ ಅಲ್ಲಲ್ಲಿ ನೊರೆ ಎದ್ದಿತು. ನೊರೆ ನಿಲ್ಲುವ ತನಕ ಉಜ್ಜಿ, ಯುಪಿಎಸ್ ಬ್ಯಾಟರಿಗೆ ಹಾಕುವ ಶುದ್ಧ ನೀರಿನಲ್ಲಿ ತೊಳೆದು, ಕೊನೆಗೆ ಸ್ಪಿರಿಟ್ಟಿನಲ್ಲಿ ಒರೆಸಿದೆ. ಮೇಲಿನ ತಾರಸಿಯಲ್ಲಿ ಪಕ್ಕದ ಮನೆಯವರು ಮೆಣಸು ಒಣಹಾಕಿದ್ದರು. ಅದರ ಅಂಚಿನಲ್ಲೇ ಬೋರ್ಡನ್ನೂ ಬಿಸಿಲಿಗಿಟ್ಟೆ. ಪಕ್ಕದ ಮನೆಯಾಕೆ ಬಂದು, “ಇದೇನ್ ಮಾರಾಯ್ತಿ, ಇದ್ನೂ ಒಣಗಿಸಿ ಮಾರ್ತೀಯಾ?” ಎಂದು ಕೇಳಿ ಹೋದರು.

ಒಣಗಿದ ಮೇಲೆ ಮೀಟರ್ ಹಿಡಿದು ಗೆರೆಗೆರೆಯನ್ನೂ ಪರೀಕ್ಷಿಸಿದೆ. ಮೇಲ್ನೋಟಕ್ಕೆ ಚೆನ್ನಾಗಿದ್ದ ಎರಡು ಗೆರೆಗಳು ಬೋರ್ಡಿನ ಹಸಿರು ಲೇಪದ ಕೆಳಗೆ ಕಡಿದಿದ್ದವು. ಹಳೇ ಟ್ರಾನ್ಸ್‌ಫಾರ್ಮರಿನಿಂದ ಬಿಚ್ಚಿದ ಕೂದಲಿನಷ್ಟು ಸಣ್ಣ ತಂತಿಯನ್ನು ಆ ಕಡಿತದ ಮೇಲೆ ಸೇತುವೆಯಂತೆ ಬೆಸೆದೆ. ಈ ಕೆಲಸ ಮಾಡುವಾಗ ನನ್ನನ್ನು ಯಾರೂ ಮಾತಾಡಿಸಬಾರದು, ಮಾತಾಡಿಸಿದರೆ ಸಿಡುಕುತ್ತೇನೆ. ಅವತ್ತು ಅಂಗಡಿಗೆ ಬಂದವರ ಮೇಲೆಲ್ಲ ಸಿಡುಕಿದ್ದಾಯಿತು. ಸಂಜೆಯ ಹೊತ್ತಿಗೆ ಪರದೆ ಬೆಳಗಿತು, ಕೀಬೋರ್ಡು ಒಪ್ಪಿಕೊಂಡಿತು. ತಾರೀಖು ನೋಡಿದರೆ ಎಂಬತ್ತನೇ ಇಸವಿಯ ಜನವರಿ ಒಂದು. ಬ್ಯಾಟರಿ ಇಲ್ಲದ ಈ ಯಂತ್ರಗಳಿಗೆಲ್ಲ ದಿನಾ ಅದೇ ತಾರೀಖು. ನಾನಿನ್ನೂ ಸ್ಲೇಟು ನೆಕ್ಕಿ ಅಳಿಸುತ್ತಿದ್ದ ಕಾಲ.

ಇನ್ನು ಡಿಸ್ಕು. ನನಗೆ ನಿಜವಾದ ಭಯವಿದ್ದದ್ದು ಇದರದೇ. ಬೋರ್ಡು ಹಾಳಾದರೆ ಇನ್ನೊಂದು ಹುಡುಕಬಹುದು, ಡಿಸ್ಕು ಹಾಳಾದರೆ ರಾಗ ಹೋಯಿತು. ತಪ್ಪು ಅಂಕಿ ಕೊಟ್ಟು ಎಬ್ಬಿಸಿ, ಅದು ಏನನ್ನಾದರೂ ಬರೆಯಲು ಹೋದರೆ ಮೇಡಂ ಬರೆದದ್ದರ ಮೇಲೇ ಬರೆದುಬಿಡಬಹುದು. ಆದ್ದರಿಂದ ಡಿಸ್ಕಿನ ಪೂರ್ತಿ ನಕಲು ಕೈಗೆ ಬರುವ ತನಕ ಅದನ್ನು ಅದರದೇ ಬೋರ್ಡಿಗೆ ಸೇರಿಸಬಾರದು ಎಂದು ನಿರ್ಧಾರ ಮಾಡಿದೆ.

ಯುಎಸ್‌ಬಿ ಅಡಾಪ್ಟರಿಗೆ ಹಾಕಿದರೆ ಲ್ಯಾಪ್‌ಟಾಪು ಅದನ್ನು ಡಿಸ್ಕು ಅಂತಲೇ ಒಪ್ಪಲಿಲ್ಲ. ಈಗಿನವು ಮಾತಾಡುವ ರೀತಿ ಅದಕ್ಕೆ ಬರುವುದಿಲ್ಲ. ಅಟ್ಟದಲ್ಲಿ ಬಿದ್ದಿದ್ದ ನಡುಗಾಲದ ಒಂದು ಬೋರ್ಡನ್ನು ಇಳಿಸಿದೆ. ಅದು ಹಳಬರ ಮಾತೂ ಬಲ್ಲದು, ಹೊಸಬರ ಮಾತೂ ಬಲ್ಲದು. ಡಿಸ್ಕನ್ನು ಅದಕ್ಕೆ ಜೋಡಿಸಿ ಕರೆಂಟು ಕೊಟ್ಟೆ. ತಿರುಗಲೇ ಇಲ್ಲ. ಸುಮ್ಮನೆ ಒಂದು ಸಣ್ಣ ಮುಲುಗು. ಮೂರು ವರ್ಷ ನಿಂತು ಒಳಗಿನ ತಟ್ಟೆಗೆ ಹೆಡ್ಡು ಅಂಟಿಕೊಂಡಿತ್ತು. ಕರೆಂಟು ತೆಗೆದು, ಡಿಸ್ಕನ್ನು ಅಂಗೈಯಲ್ಲಿ ಚಪ್ಪಟೆಯಾಗಿ ಹಿಡಿದು, ಬೀಗದ ಕೈ ತಿರುಗಿಸುವ ಹಾಗೆ ಮೆಲ್ಲಗೆ ಒಮ್ಮೆ ತಿರುವಿದೆ. ಆಗ ಬಾಯಲ್ಲಿ ಬಂದದ್ದು “ಮೇಡಂ, ಪ್ಲೀಸ್” ಅನ್ನುವ ಮಾತು. ಮತ್ತೆ ಕರೆಂಟು ಕೊಟ್ಟಾಗ ಅದು ಹಿಟ್ಟಿನ ಗಿರಣಿ ಶುರುವಾದ ಹಾಗೆ ಸದ್ದು ಏರಿಸಿಕೊಂಡು ತಿರುಗಿತು.

ಬೋರ್ಡು ಡಿಸ್ಕನ್ನು ಮಾತಾಡಿಸಿ ಅಳತೆಯ ಅಂಕಿಗಳನ್ನು ಪರದೆಗೆ ತಂದಿತು. ನಾನು ಗೆದ್ದೆ ಅಂದುಕೊಂಡೆ. ಆದರೆ ಆ ಅಂಕಿಗಳಲ್ಲಿ ಓದಿದರೆ ಫೈಲುಗಳ ಹೆಸರೆಲ್ಲ ಕಲಸಿಹೋಗಿ, ಅರ್ಥವಿಲ್ಲದ ಗುರುತುಗಳು. ಈ ಡಿಸ್ಕನ್ನು ಮೊದಲು ಸಿದ್ಧಮಾಡಿದವರು ಅದರ ಹುಟ್ಟು ಅಳತೆ ಬಿಟ್ಟು ಬೇರೆ ಅಳತೆ ಕೊಟ್ಟಿದ್ದರು. ಆಗ ಹಾಗೆ ಮಾಡುತ್ತಿದ್ದರು, ಬೋರ್ಡಿನ ಪಟ್ಟಿಯಲ್ಲಿ ಹತ್ತಿರದ್ದು ಯಾವುದಿದೆಯೋ ಅದು. ಆ ಅಳತೆ ಮೇಡಂ ಬೆರಳಿಗೆ ಗೊತ್ತಿತ್ತು, ನನಗೆ ಗೊತ್ತಿಲ್ಲ. ಎರಡು ದಿನ ಒಂದೊಂದೇ ಹಾಕಿ ನೋಡಿದೆ. ಸಿಟ್ಟು, ಸುಸ್ತು. ಯಜಮಾನರು ಫೋನ್ ಮಾಡಿ, “ಏನಾಯ್ತು?” ಅಂದರೆ, “ಆಗ್ತಾ ಐತೆ” ಅಂತ ಸುಳ್ಳು ಹೇಳಿದೆ.

ಆಮೇಲೆ ತಲೆ ತಣ್ಣಗಾದಾಗ ಹೊಳೆಯಿತು. ಯಾವ ಅಳತೆ ಕೊಟ್ಟರೂ ಡಿಸ್ಕಿನ ಮೊಟ್ಟಮೊದಲ ತುಣುಕು ಮಾತ್ರ ಒಂದೇ ಜಾಗದಲ್ಲಿರುತ್ತದೆ. ಜಮೀನಿಗೆ ಚೆಕ್ಕುಬಂದಿ ಇರುವ ಹಾಗೆ ಡಿಸ್ಕಿನ ಗಡಿ ಎಲ್ಲಿಗೆ ಮುಗಿಯುತ್ತದೆ ಅನ್ನುವುದನ್ನು ಅಲ್ಲೇ ಗುರುತು ಮಾಡಿರುತ್ತಾರೆ. ಆ ತುಣುಕನ್ನು ಓದಿ, ಕೊನೆಯ ಹೆಡ್ಡು ಎಷ್ಟನೆಯದು, ಕೊನೆಯ ಸೆಕ್ಟರ್ ಎಷ್ಟನೆಯದು ಅಂತ ತೆಗೆದು, ಅದರಿಂದ ಅಳತೆಯನ್ನು ಹಿಂದಕ್ಕೆ ಲೆಕ್ಕ ಹಾಕಿದೆ. ಆ ಅಂಕಿ ಕೊಟ್ಟಾಗ ಪರದೆಯ ಮೇಲೆ ಹೆಸರುಗಳು ಸಾಲಾಗಿ ನಿಂತವು. ಅದರಲ್ಲಿ ನನ್ನ ಹೆಸರಿನದೂ ಒಂದು ಫೈಲು ಇತ್ತು, ನಾನು ಮಾಡಿದ ಮಗ್ಗಿಯ ಪ್ರೋಗ್ರಾಂ. ಯಾಕೆ ಇಟ್ಟುಕೊಂಡಿದ್ದರೋ. ಸ್ವಲ್ಪ ಹೊತ್ತು ಅತ್ತೆ, ಆಮೇಲೆ ಎದ್ದು ಮುಖ ತೊಳೆದು ಪೂರ್ತಿ ನಕಲು ತೆಗೆದೆ.

ಗಡಿಯಾರದ ಪ್ರೋಗ್ರಾಮನ್ನೂ ನಕಲಿನಲ್ಲಿ ತೆರೆದು ನೋಡಿದೆ. ಐದೂವರೆ ಆಯಿತೇ ಎಂದು ಪರೀಕ್ಷಿಸುವ ಒಂದು ಸಾಲು, ಅದರ ಕೆಳಗೆ ಸ್ವರಗಳ ಅಕ್ಷರಗಳು. ಒಂದು ಕೀಲಿ ಒತ್ತಿದ್ದರೆ ಲ್ಯಾಪ್‌ಟಾಪೇ ಹಾಡುತ್ತಿತ್ತು. ನಾನು ಯಜಮಾನರಿಗೆ ಮಾತು ಕೊಟ್ಟಿದ್ದೆ. ಮುಚ್ಚಿಟ್ಟೆ.

ಉಳಿದದ್ದು ಬ್ಯಾಟರಿ. ಹಳೆಯದರಂಥದ್ದೇ ಹೊಸದು ತರಿಸಿ ಬೆಸೆಯಬಹುದು, ಆದರೆ ಅದೂ ಒಂದು ದಿನ ಸೋರುತ್ತದೆ. ಈಗಿನ ಬೋರ್ಡುಗಳಲ್ಲಿರುವ ನಾಣ್ಯದಂಥ ಸೆಲ್ ಹಾಕೋಣವೆಂದುಕೊಂಡೆ. ಈ ಬೋರ್ಡು ತನ್ನ ಬ್ಯಾಟರಿಯನ್ನು ಚಾರ್ಜು ಮಾಡಲು ಹೋಗುತ್ತದೆ, ನಾಣ್ಯದ ಸೆಲ್ಲಿಗೆ ಅದು ಆಗದು. ಹಾಗಾಗಿ ಒಂದೇ ದಿಕ್ಕಿಗೆ ಕರೆಂಟು ಬಿಡುವ ಡಯೋಡು ನಡುವೆ ಹಾಕಿದೆ. ಬೆಳಿಗ್ಗೆ ಬಂದು ನೋಡಿದರೆ ಮತ್ತೆ ಎಂಬತ್ತನೇ ಇಸವಿ. ಸೆಲ್ಲಿನ ಮೂರು ವೋಲ್ಟಿನಲ್ಲಿ ಡಯೋಡು ತನ್ನ ಪಾಲು ತಿಂದು, ಉಳಿದದ್ದು ಗಡಿಯಾರಕ್ಕೆ ಸಾಲದಾಗಿತ್ತು.

ಇದಕ್ಕೂ ದಾರಿ ಇದೆ. ಕಡಿಮೆ ತಿನ್ನುವ ಡಯೋಡು ತರಿಸಬಹುದು. ಆದರೆ ಅವತ್ತು ಬೆಸುಗೆ ಕಡ್ಡಿ ಕೈಯಲ್ಲಿ ಹಿಡಿದು ಕೂತಾಗ ಬೇರೆಯೇ ಯೋಚನೆ ಬಂತು. ಈ ಸೆಲ್ಲು ಮುಗಿದ ದಿನ ಯಾರು ಪೆಟ್ಟಿಗೆ ಬಿಚ್ಚುತ್ತಾರೆ? ನಾನು ಬರಬೇಕು. ನಾನು ಬರಲಾಗದಿದ್ದರೆ? ಮೇಡಂ ಮೇಲೆ ಬಿದ್ದಿದ್ದ ಕೆಲಸ ನನ್ನ ಮೇಲೆ ಬೀಳುತ್ತದೆ ಅಷ್ಟೇ, ಮತ್ತೊಮ್ಮೆ ಒಬ್ಬರೇ ಮನುಷ್ಯರಿಗೆ ಗಂಟು. ಯಜಮಾನರ ಗಲ್ಲಾದ ಪಕ್ಕದಲ್ಲಿ ಪೆನ್ಸಿಲ್ ಸೆಲ್ಲುಗಳ ಸರ ನೇತಾಡುವುದು ನೆನಪಾಯಿತು. ಗೋಡೆ ಗಡಿಯಾರಕ್ಕೂ, ಟಿವಿ ರಿಮೋಟಿಗೂ ಊರೆಲ್ಲ ಒಯ್ಯುವುದು ಅದನ್ನೇ. ಮೂರು ಪೆನ್ಸಿಲ್ ಸೆಲ್ಲು ಸಾಲಾಗಿ ಹಾಕಿದರೆ ಡಯೋಡು ತಿಂದು ಉಳಿದದ್ದೂ ಬೇಕಾದಷ್ಟಾಗುತ್ತದೆ. ಸೆಲ್ಲಿನ ಡಬ್ಬಿಯನ್ನು ಬೋರ್ಡಿನ ಮೇಲೆ ಇಡದೆ, ಉದ್ದ ತಂತಿ ಬಿಟ್ಟು ಪೆಟ್ಟಿಗೆಯ ಹೊರಗೆ ತಂದೆ. ಸೋರಿದರೂ ಹೊರಗೇ ಸೋರಲಿ.

ಮತ್ತೆ ಕಂಬಳಿ, ಮತ್ತೆ ಬಸ್ಸು. ಯಜಮಾನರು ಕೋಣೆಯನ್ನು ಗುಡಿಸಿ, ಸಾರಿಸಿ ಇಟ್ಟಿದ್ದರು. ಡಬ್ಬಿಯನ್ನು ಕಿಟಕಿಯ ಚೌಕಟ್ಟಿಗೆ ಮೊಳೆ ಹೊಡೆದು ನಿಲ್ಲಿಸಿ, ಸೆಲ್ಲನ್ನು ಅವರ ಕೈಯಲ್ಲೇ ಹಾಕಿಸಿದೆ.

“ಇಷ್ಟೇನಾ? ಇದು ನನ್ ಅಂಗಡಿ ಶೆಲ್ಲು!”

“ಇಷ್ಟೇ. ಗೋಡೆ ಗಡಿಯಾರಕ್ಕೆ ಹಾಕೋವಾಗ ಇದಕ್ಕೂ ಹಾಕ್ಬುಡಿ. ಆದ್ರೆ ಕಂಪ್ಯೂಟರ್ ಓಡ್ತಾ ಇರುವಾಗ ಬದಲಾಯ್ಸಿ, ಆಗ ಅದು ಏನೂ ಮರೆಯೋದಿಲ್ಲ.”

ಡಿಸ್ಕಿನ ಅಂಕಿಗಳನ್ನೂ, ನನ್ನ ಮೊಬೈಲು ನೋಡಿ ಹೊತ್ತನ್ನೂ ತುಂಬಿಸಿದೆ. ಡಿಸ್ಕು ತಿರುಗಿತು, ಪ್ರೋಗ್ರಾಂ ತಾನಾಗಿ ಎದ್ದಿತು, ಪರದೆಯ ತುಂಬ ಆ ದೊಡ್ಡ ಅಂಕಿಗಳು. ಯಜಮಾನರು ಒಳಗೊಂದು ಸಲ, ಹೊರಗೊಂದು ಸಲ ಓಡಾಡಿದರು. ಗಿರಾಕಿ ಸಕ್ಕರೆ ಕೇಳಿದರೆ ಉಪ್ಪು ಕಟ್ಟಿದರು. ಕೊನೆಗೆ ಬಂದು ಕುರ್ಚಿಯ ತುದಿಯಲ್ಲಿ ಕೂತರು. ಇಬ್ಬರೂ ಕಾದೆವು.

ಸ್ವಲ್ಪ ಹೊತ್ತಿಗೆ ಅವರು ಕಿಟಕಿಯತ್ತ ನೋಡಿ, “ಹಾಡ್ಬೇಕಿತ್ತಲ್ಲಮ್ಮ” ಅಂದರು.

“ಇನ್ನೂ ಐದೂಕಾಲು ಯಜಮಾನ್ರೇ.”

“ಎಲ್ಲಿ ಐದೂಕಾಲು? ನೋಡು, ಐದೂವರೆ ಆಗೋಯ್ತು!”

ಕಿಟಕಿಯಲ್ಲಿ ಬಗ್ಗಿ ನೋಡಿದೆ. ಗಲ್ಲಾದ ಮೇಲಿನ ಗೋಡೆ ಗಡಿಯಾರ ಐದೂವರೆ ದಾಟಿತ್ತು.

“ನಿಮ್ ಗಡಿಯಾರ ಮುಂದೈತೆ.”

“ಅದು ಮುಂದೇನೇ ಇರದು ಕಣಮ್ಮ. ನಮ್ಮಪ್ಪನ ಕಾಲದಿಂದ್ಲೂ ಕಾಲ್ಗಂಟೆ ಮುಂದೆ ಇಟ್ಟಿರದು. ಬಸ್ಸಿನ ರೋಡು, ಅಂಗ್ಡೀಗೆ ಬಂದೋರು ಮಾತಾಡ್ಕಂಡು ನಿಂತ್ಕಂಬುಟ್ರೆ ಬಸ್ಸು ತಪ್ತದೆ ಅಂತ.” ಅಷ್ಟು ಹೇಳಿದವರು ಅಲ್ಲೇ ನಿಂತುಬಿಟ್ಟರು. ಕಿಟಕಿಯನ್ನು ನೋಡಿದರು, ಗಡಿಯಾರವನ್ನು ನೋಡಿದರು, ತಮ್ಮ ಖಾಲಿ ಜಾಗವನ್ನು ನೋಡಿದರು. “ಅಯ್ಯೋ ಇವ್ಳ. ಅವ್ಳು ಇಲ್ಲಿಂದ ನೋಡ್ತಿದ್ದುದ್ದು ಗಡಿಯಾರನಾ? ನಾನು ಇಷ್ಟ್ ವರ್ಷ ನನ್ನೇ ನೋಡ್ತಾಳೆ ಅನ್ಕಂಡಿದ್ನಲ್ಲ!”

ನಗಲು ಹೋದರು, ನಗು ಪೂರ್ತಿ ಬರಲಿಲ್ಲ.

“ಎರಡು ಸಲ ನೋಡೋರು ಅಂದ್ರಲ್ಲ ನೀವೇ. ಹೊತ್ತು ನೋಡೋಕೆ ಒಂದ್ಸಲ ಸಾಕು ಯಜಮಾನ್ರೇ” ಅಂದೆ. ಅವರು ಮುಖ ಆ ಕಡೆ ತಿರುಗಿಸಿಕೊಂಡರು.

ನನಗೂ ಆಗ ತಾನೇ ಒಂದು ತಿಳಿಯುತ್ತಿತ್ತು. ಬಸ್ಸು ಒಂದು ದಿನವೂ ತಡವಾಗಿ ಬಂದಿರಲಿಲ್ಲ. ಆ ಡ್ರೈವರು ಪಾಪ, ಸರಿಯಾದ ಹೊತ್ತಿಗೇ ಬರುತ್ತಿದ್ದ. ನಮ್ಮನ್ನು ಕಾಲು ಗಂಟೆ ಮೊದಲೇ ಎಬ್ಬಿಸಿ ತಗಡಿನ ಕೆಳಗೆ ನಿಲ್ಲಿಸುತ್ತಿದ್ದವರು ಮೇಡಂ. ಅವರ ಕೈಯಲ್ಲಿ ವಾಚಿತ್ತು. ಅವರಿಗೆ ಗೊತ್ತಿತ್ತು. ಬಾಗಿಲಿಗೆ ಒರಗಿಕೊಂಡು ನಮ್ಮ ಬೈಗುಳಕ್ಕೆ ನಗುತ್ತಿದ್ದದ್ದು ಯಾಕೆಂದು ನನಗೆ ಇಷ್ಟು ವರ್ಷದ ಮೇಲೆ ಅರ್ಥವಾಯಿತು.

“ಈಗೇನ್ ಮಾಡದು?”

“ಐದು ಇಪ್ಪತ್ತೊಂಬತ್ತು ಅಂತ ತುಂಬಿಸ್ಲಾ? ಒಂದು ನಿಮಿಷಕ್ಕೆ ಹಾಡ್ತದೆ.”

ಅವರು ಒಮ್ಮೆ ಪರದೆಯನ್ನು, ಒಮ್ಮೆ ಗೋಡೆ ಗಡಿಯಾರವನ್ನು ನೋಡಿದರು. ನನಗೆ ಬೇಕಾಗಿತ್ತು ಆ ರಾಗ, ಈಗಲೇ ಬೇಕಾಗಿತ್ತು. ಅವರು ಹೂಂ ಅನ್ನಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

“ಬ್ಯಾಡ ಕಣಮ್ಮ. ಮೋಸ ಮಾಡಿ ಹಾಡ್ಸದು ಬ್ಯಾಡ. ಅಂಗ್ಡಿ ಹೊತ್ತಿಗೆ ಸರಿಮಾಡು. ನಾಳೆ ಅದರ ಪಾಡಿಗೆ ಅದು ಹಾಡ್ಲಿ.”

ಗೋಡೆ ಗಡಿಯಾರ ನೋಡಿ, ಅಂಗಡಿ ಹೊತ್ತು ತುಂಬಿಸಿದೆ. ಅಷ್ಟರಲ್ಲಿ ನನ್ನ ಮೊಬೈಲಿನ ಐದೂವರೆಗೆ ಸರಿಯಾಗಿ ಮಗ್ಗೆ ಕಡೆ ಹೋಗುವ ಅದೇ ಬಸ್ಸಿನ ಹಾರ್ನು ಕೇಳಿಸಿತು. ಮಾರನೆಯ ದಿನ ಒಂದು ಎಸ್ಟೇಟ್ ಆಫೀಸಿನ ಕೆಲಸ ಒಪ್ಪಿಕೊಂಡಿದ್ದೆ, ಬರಲಾಗುತ್ತಿರಲಿಲ್ಲ. ರಾಗ ಕೇಳದೆಯೇ ಬಸ್ಸು ಹತ್ತಿದೆ. ಕಿಟಕಿಯಿಂದ ಹಿಂತಿರುಗಿ ನೋಡಿದಾಗ ತಗಡಿನ ಕೆಳಗೆ ಯಜಮಾನರೊಬ್ಬರೇ ಇದ್ದರು.

ಮಾರನೆಯ ಸಂಜೆ ಎಸ್ಟೇಟಿನಿಂದ ಆಗತಾನೇ ಬಂದು ಅಂಗಡಿಯಲ್ಲಿ ಕೂತಿದ್ದೆ. ಫೋನು ಬಂತು.

“ಫೋನ್ನ ಅವ್ಳ ಮೇಜಿನ ಮ್ಯಾಲೆ ಇಡ್ತೀನಿ. ನೀನೂ ಕೇಳ್ಕೋ. ಗಿರಾಕಿ ಬಂದವ್ರೆ, ನಾನು ಅಲ್ಲಿರ್ತೀನಿ” ಅಂದವರೇ ನನ್ನ ಉತ್ತರಕ್ಕೂ ಕಾಯದೆ ಹೋದರು.

ಫೋನನ್ನು ಕಿವಿಗೆ ಒತ್ತಿ ಹಿಡಿದೆ. ಪೆಟ್ಟಿಗೆಯೊಳಗಿನ ಫ್ಯಾನಿನ ಗುಂಯ್ ಸದ್ದು, ದೂರದಲ್ಲಿ ತಕ್ಕಡಿಯ ತಟ್ಟೆ ಬಡಿದ ಸದ್ದು, ಯಾರೋ ಶುಂಠಿಯ ಮಾತಾಡುತ್ತಿದ್ದದ್ದು. ಆಮೇಲೆ ಅದು ಬಂತು.

ಯಜಮಾನರು ಗುನುಗಿದ ಹಾಗೂ ಇರಲಿಲ್ಲ, ನಾನು ಗುನುಗಿದ ಹಾಗೂ ಇರಲಿಲ್ಲ. ಆದರೆ ಮೊದಲ ಸ್ವರಕ್ಕೇ ಅದೇ ಎಂದು ಗೊತ್ತಾಯಿತು. ನಮ್ಮಿಬ್ಬರ ತಪ್ಪೂ ಒಂದೇ ಆಗಿತ್ತು, ಇಬ್ಬರೂ ಅದನ್ನು ಅವಸರ ಮಾಡಿಬಿಟ್ಟಿದ್ದೆವು. ನಿಜವಾದದ್ದು ನಿಧಾನವಾಗಿತ್ತು. ಯಾರನ್ನೂ ಓಡಿಸುವ ರಾಗವಲ್ಲ ಅದು.

ರಾಗ ಮುಗಿಯುವ ಮೊದಲೇ ಗೋಡೆಯ ಆಚೆಯಿಂದ ಯಜಮಾನರ ದನಿ ಕೇಳಿಸಿತು.

“ಬಂದೆ, ಬಂದೆ. ಕಾಫಿ ಇಡು.”

ಆಮೇಲೆ ತಕ್ಕಡಿಯ ಸದ್ದೂ ನಿಂತಿತು, ಶುಂಠಿಯ ಮಾತೂ ನಿಂತಿತು. ನಾವು ಹುಡುಗಿಯರು ಆ ಹೊತ್ತಿಗೆ ಗಲಾಟೆ ಮಾಡುತ್ತ ಹೊರಗೋಡುತ್ತಿದ್ದೆವಲ್ಲ, ಅವರು ದಿನಾ ಹೀಗೆ ಉತ್ತರ ಕೊಡುತ್ತಿದ್ದರೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನಿಧಾನವಾದ ಹೆಜ್ಜೆಗಳು ಮೇಜಿನ ಹತ್ತಿರ ಬಂದವು. ಕುರ್ಚಿ ಎಳೆದ ಸದ್ದಾಯಿತು. ನಾನು ಫೋನು ಇಡಲಿಲ್ಲ.

ಆಗ ನೋಡಿಕೊಂಡೆ, ನನ್ನ ಕೈಚೀಲ ಹೆಗಲ ಮೇಲಿತ್ತು. ಯಾವಾಗ ಎತ್ತಿಕೊಂಡೆನೋ ಗೊತ್ತಿಲ್ಲ. ನನ್ನ ಅಂಗಡಿಯ ಗಡಿಯಾರದಲ್ಲಿ ಐದೂಕಾಲು. ಬಸ್ಸಿಗೆ ಇನ್ನೂ ಹೊತ್ತಿತ್ತು.